ಗಿಡಕ್ಕೆ ನೀರು ಹಾಕುವವರು ಯಾರು?

1889ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗನೊಬ್ಬ ಹಕ್ಕಿಯ ಪಂಜರದ ಎದುರು ಒಂದು ಯಂತ್ರವನ್ನಿಟ್ಟ. ಅದು ಎಡಿಸನ್ ಫೋನೋಗ್ರಾಫ್. ಅಪ್ಪ ತಂದುಕೊಟ್ಟ ಆಟಿಕೆ. ಅದರ ಮೇಣದ ಉರುಳೆ ತಿರುಗುತ್ತಿದ್ದಾಗ ಪಂಜರದ ಹಕ್ಕಿ ಹಾಡಿತು, ಹಾಡು ಮೇಣದ ಮೇಲೆ ಗೀರಾಗಿ ಉಳಿಯಿತು. ಹುಡುಗನ ಹೆಸರು ಲುಡ್‌ವಿಗ್ ಕೋಖ್. ನಮಗೆ ತಿಳಿದಿರುವ ಮಟ್ಟಿಗೆ ಯಂತ್ರದಲ್ಲಿ ಸೆರೆಯಾಗಿ ಇಂದಿಗೂ ಉಳಿದಿರುವ ಹಕ್ಕಿಯ ದನಿಗಳಲ್ಲಿ ಇದೇ ಅತ್ಯಂತ ಹಳೆಯದು.

ಆ ಹಕ್ಕಿ ಯುರೋಪಿನದಾಗಿರಲಿಲ್ಲ. ಅದು ಶಾಮಾ. ಕರ್ನಾಟಕದ ಹಿತ್ತಲುಗಳಲ್ಲಿ ಬೆಳಗಿನ ಜಾವ ಸಿಳ್ಳೆ ಹಾಕುವ ಮಡಿವಾಳ ಹಕ್ಕಿಗೆ ಹತ್ತಿರದ ನೆಂಟ. ಕಪ್ಪು ಮೈ, ಉದ್ದ ಬಾಲ, ಇಟ್ಟಿಗೆ ಬಣ್ಣದ ಹೊಟ್ಟೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಹಾಡುತ್ತದೆ, ಅದರ ಶಾಸ್ತ್ರೀಯ ಹೆಸರಿನಲ್ಲೇ ಮಲಬಾರ್ ಇದೆ. ನಮ್ಮ ಕಡೆಯ ಕಾಡಿನ ಹಕ್ಕಿಯೊಂದು ಪಂಜರದಲ್ಲಿ ಕೂತು, ತನ್ನ ಕಾಡು ಕಾಣದ ಊರಿನಲ್ಲಿ, ಯಂತ್ರವೊಂದಕ್ಕೆ ದನಿ ಕೊಟ್ಟಿತು.

ಕೋಖ್ ದೊಡ್ಡವರಾದ ಮೇಲೂ ಆ ಆಟವನ್ನು ಬಿಡಲಿಲ್ಲ. ಯಹೂದಿಯಾಗಿದ್ದ ಅವರು 1936ರಲ್ಲಿ ನಾಜಿ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದರು. ಭಾರವಾದ ಧ್ವನಿಮುದ್ರಣ ಯಂತ್ರಗಳನ್ನು ಹೊತ್ತು ಕಾಡು, ಜೌಗು, ಕಡಲತೀರ ಸುತ್ತಿ ಹಕ್ಕಿಗಳ ದನಿ ಹಿಡಿದರು. ಬಿಬಿಸಿ ರೇಡಿಯೊದಲ್ಲಿ ಅವರ ಜರ್ಮನ್ ಉಚ್ಚಾರದ ಇಂಗ್ಲಿಷ್ ಮನೆಮಾತಾಯಿತು. 1974ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಹೊರಗೆ ಹೋಗಲಾಗದವರ ಮನೆಯೊಳಕ್ಕೆ ಕಾಡಿನ ದನಿಯನ್ನು ತರುವುದು ತೀರಾ ಸಾಮಾನ್ಯ ಸಂಗತಿಯಾಗಿತ್ತು.

ಇಂದು ಪುಣೆಯ ಒಂದು ಹನ್ನೆರಡನೇ ಮಹಡಿಯ ಫ್ಲಾಟಿನಲ್ಲಿ, ಧಾರವಾಡದ ಮನೆ ಮಾರಿ ಮಗನ ಜೊತೆ ಇರಲು ಬಂದ ತಾಯಿಗೆ, ಮೇಜಿನ ಮೇಲಿನ ಪುಟ್ಟ ಸ್ಪೀಕರ್ ಮಳೆಯ ಸದ್ದನ್ನೂ ಹಕ್ಕಿಗಳ ದನಿಯನ್ನೂ ಕೇಳಿಸುತ್ತದೆ. ಗೋಡೆಯ ಟಿವಿಯಲ್ಲಿ ಜಲಪಾತ ಸುರಿಯುತ್ತದೆ. ಬಾಲ್ಕನಿಯ ಕುಂಡಗಳಿಗೆ ಟೈಮರ್ ಇಟ್ಟ ಪಂಪು ನೀರುಣಿಸುತ್ತದೆ. ಇದನ್ನು 'ಸ್ಮಾರ್ಟ್ ಹೋಮ್' ಎನ್ನುತ್ತಾರೆ. ಮಗ ಪ್ರೀತಿಯಿಂದಲೇ ಇದನ್ನೆಲ್ಲ ತಂದಿರುತ್ತಾನೆ. ಆದರೂ ತಾಯಿ ಬಾಲ್ಕನಿಯ ಬಾಗಿಲಲ್ಲಿ ಕೂತು, ಪಾರಿವಾಳ ಬಾರದಂತೆ ಕಟ್ಟಿದ ಬಲೆಯ ಆಚೆ ನೋಡುತ್ತಾ, ಮಾಡಲು ಏನೂ ಇಲ್ಲ ಎನ್ನುತ್ತಾರೆ. ಮಗನಿಗೆ ಅರ್ಥವಾಗದ ಮಾತು ಇದೇ. ಎಲ್ಲ ಇದೆಯಲ್ಲ, ಇನ್ನೇನು ಬೇಕು?

ವಯಸ್ಸಾದವರ ಬಳಿಗೆ ಪ್ರಕೃತಿಯನ್ನು ತರುವ ಪ್ರಯತ್ನಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ. ಆ ಮಗನ ಪ್ರಶ್ನೆಗೆ ಉತ್ತರದ ಎಳೆಯೂ ಅಲ್ಲೇ ಸಿಗುತ್ತದೆ.

ಕಿಟಕಿಯ ಕಾಲ

1859ರ ಕೊನೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕ ಹೊರಬಂತು. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಿಂದ ಹೆಸರಾಗಿ ಮರಳಿದ ಅವರು ಆಗಲೇ ಕಾಯಿಲೆ ಬಿದ್ದಿದ್ದರು. ಮುಂದಿನ ದಶಕಗಳ ಬಹುಭಾಗವನ್ನು ಅವರು ಕೋಣೆಯೊಳಗೇ ಕಳೆದರು. 1910ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಹಾಸಿಗೆಯಿಂದ ಲೋಕ ಹೇಗೆ ಕಾಣುತ್ತದೆ ಎಂಬುದನ್ನು ಅನುಭವದಿಂದ ಬಲ್ಲವರು ಅವರು.

ಅವರ ಪುಸ್ತಕದಲ್ಲಿ ಗಾಳಿ, ಬೆಳಕು, ಶುಚಿತ್ವದ ಜೊತೆಗೆ ಇನ್ನೊಂದು ಮಾತಿದೆ. ರೋಗಿಗೆ ಮಲಗಿದಲ್ಲಿಂದಲೇ ಕಿಟಕಿಯಾಚೆ ಕಾಣಬೇಕು, ಬಣ್ಣದ ಹೂವಿನ ಗೊಂಚಲು ಕಣ್ಣಿಗೆ ಬಿದ್ದರೆ ಅದು ಬರೀ ಮನಸ್ಸಿಗಲ್ಲ, ದೇಹಕ್ಕೂ ಹಿತ ಎಂದು ಅವರು ಬರೆದರು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿದವರಿಗೆ ಸಾಕಿದ ಪುಟ್ಟ ಪ್ರಾಣಿಯೋ ಪಂಜರದ ಹಕ್ಕಿಯೋ ಒಳ್ಳೆಯ ಜೊತೆಗಾರ ಎಂದೂ ಹೇಳಿದರು. ಅದಕ್ಕೆ ಉಣಿಸುವುದನ್ನೂ ಅದರ ಗೂಡು ತೊಳೆಯುವುದನ್ನೂ ಆಗುವುದಾದರೆ ರೋಗಿಯೇ ಮಾಡಲಿ ಎಂಬುದು ಅವರ ಸಲಹೆ. ಈ ಸಣ್ಣ ಸಲಹೆಯನ್ನು ಮುಂದಿನ ನೂರು ವರ್ಷ ಹೆಚ್ಚಿನವರು ಗಮನಿಸಲಿಲ್ಲ. ಕಿಟಕಿಯ ಮಾತು ಮಾತ್ರ ಉಳಿಯಿತು.

ಕಿಟಕಿಯ ಮಾತಿಗೆ ಅಂಕಿಅಂಶದ ಬೆಂಬಲ ಸಿಕ್ಕಿದ್ದು 1984ರಲ್ಲಿ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಕ್ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ಕೂತರು. 1972ರಿಂದ 1981ರ ನಡುವೆ ಅಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಕೆಲವರ ಕಿಟಕಿಗೆ ಕಂದು ಇಟ್ಟಿಗೆಯ ಗೋಡೆ. ವಯಸ್ಸು, ಲಿಂಗ, ತೂಕ ಮುಂತಾದವು ಹೊಂದುವಂತೆ ಅವರು 23 ಜೋಡಿಗಳನ್ನು ಮಾಡಿ ಹೋಲಿಸಿದರು. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋಗಿದ್ದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರು ಕೇಳಿದ ತೀವ್ರ ನೋವುನಿವಾರಕಗಳೂ ಕಡಿಮೆ. 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಪುಟ್ಟ ಲೇಖನ ಜಗತ್ತಿನಾದ್ಯಂತ ಆಸ್ಪತ್ರೆಗಳ ವಿನ್ಯಾಸದ ಮೇಲೆ ಪ್ರಭಾವ ಬೀರಿತು.

ಆ ರೋಗಿಗಳು ಮುಪ್ಪಿನವರೇ ಆಗಿರಲಿಲ್ಲ. 20ರಿಂದ 69 ವರ್ಷದವರು, ವಾರ ಕಳೆದರೆ ಮನೆಗೆ ಹೋಗುವವರು. ವಾರದ ಮಟ್ಟಿಗೆ ಮರವನ್ನು ನೋಡುತ್ತಾ ಮಲಗುವುದು ಒಂದು, ಉಳಿದ ಬದುಕನ್ನೆಲ್ಲ ನೋಡುತ್ತಲೇ ಕಳೆಯುವುದು ಇನ್ನೊಂದು.

ರೇಡಿಯೊದ ರಾತ್ರಿ

ಕಿಟಕಿಯಾಚೆ ಗೋಡೆಯೇ ಇದ್ದರೆ? ಅದಕ್ಕೆ ಇಪ್ಪತ್ತನೇ ಶತಮಾನ ಕೊಟ್ಟ ಮೊದಲ ಉತ್ತರ ರೇಡಿಯೊ.

1924ರ ಮೇ 19ರ ರಾತ್ರಿ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಆಕ್ಸ್‌ಟೆಡ್ ಎಂಬಲ್ಲಿ, ಬಿಯಾಟ್ರಿಸ್ ಹ್ಯಾರಿಸನ್ ಎಂಬ ಚೆಲ್ಲೋ ವಾದಕಿ ತಮ್ಮ ತೋಟದಲ್ಲಿ ಕೂತು ನುಡಿಸಿದರು. ಅವರು ನುಡಿಸಿದಾಗಲೆಲ್ಲ ಪೊದೆಯಲ್ಲಿನ ನೈಟಿಂಗೇಲ್ ಹಕ್ಕಿ ಜೊತೆಗೂಡಿ ಹಾಡುತ್ತಿತ್ತಂತೆ. ಅದನ್ನು ನೇರ ಪ್ರಸಾರ ಮಾಡಿ ಎಂದು ಅವರು ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಅವರ ಬೆನ್ನುಬಿದ್ದು ಒಪ್ಪಿಸಿದ್ದರು. ಸ್ಟುಡಿಯೊದ ಹೊರಗೆ ಮೈಕ್ ಇಟ್ಟು ನಿಸರ್ಗದ ದನಿಯನ್ನು ನೇರವಾಗಿ ಬಿತ್ತರಿಸಿದ ಮೊದಲ ಸಾಹಸಗಳಲ್ಲಿ ಅದೂ ಒಂದು. ಸುಮಾರು ಹತ್ತು ಲಕ್ಷ ಜನ ಕೇಳಿದರೆಂಬ ಅಂದಾಜಿದೆ. ಹ್ಯಾರಿಸನ್ ಅವರಿಗೆ ಸಾವಿರಾರು ಪತ್ರಗಳು ಬಂದವು. ಮುಂದೆ ಹಲವು ವರ್ಷ ಬೇಸಿಗೆಯ ಆರಂಭದಲ್ಲಿ ಆ ಕಾರ್ಯಕ್ರಮ ಮರಳಿ ಬರುತ್ತಿತ್ತು.

ಕತೆಗೆ ಒಂದು ಬಾಲವಿದೆ. ಆ ಮೊದಲ ರಾತ್ರಿ ಹಾಡಿದ್ದು ಹಕ್ಕಿಯಲ್ಲ, ಹಕ್ಕಿ ಹಾಡದಿದ್ದರೆ ಇರಲಿ ಎಂದು ಕರೆಸಿದ್ದ ಸಿಳ್ಳೆ ಕಲಾವಿದೆ ಎಂಬ ವಾದ 2022ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಿಜ ಏನೇ ಇರಲಿ, ಕೇಳಿದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಪೆಟ್ಟಿಗೆಯೊಳಗಿಂದ ಬರುವ ದನಿಗೆ ಕಿವಿಗೊಡುವವರು ಆ ದನಿಯನ್ನು ನಂಬುವುದರ ಹೊರತು ಬೇರೇನೂ ಮಾಡಲಾರರು. ಹಕ್ಕಿಗೆ ಕಾಳು ಹಾಕಲಾರರು, ಅದು ಇವತ್ತು ಬರಲಿಲ್ಲವಲ್ಲ ಎಂದು ಕಾಯಲಾರರು.

ನಾಲ್ಕನೇ ಮಹಡಿಯ ಗಿಡಗಳು

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಲೇಖನ ಪ್ರಕಟಿಸಿದರು. ಅವರು ಪ್ರಯೋಗ ನಡೆಸಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆರ್ಡನ್ ಹೌಸ್ ಎಂಬ ವೃದ್ಧರ ಆರೈಕೆ ಮನೆಯಲ್ಲಿ. 65ರಿಂದ 90 ವರ್ಷದ 91 ಮಂದಿ ಅದರಲ್ಲಿ ಇದ್ದರು.

ನಾಲ್ಕನೇ ಮಹಡಿಯಲ್ಲಿದ್ದ 47 ಮಂದಿಯನ್ನು ಸೇರಿಸಿ ಆ ಮನೆಯ ಆಡಳಿತಾಧಿಕಾರಿ ಹೇಳಿದರು: ನಿಮ್ಮ ಕೋಣೆ ಹೇಗಿರಬೇಕು, ದಿನ ಹೇಗೆ ಕಳೆಯಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಬಳಿಕ ಗಿಡಗಳ ಪೆಟ್ಟಿಗೆ ತಂದು, ಬೇಕೇ ಬೇಡವೇ ಎಂದು ಕೇಳಿ, ಬೇಕೆಂದವರು ತಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲಿ ಎಂದರು. ಅದನ್ನು ನೋಡಿಕೊಳ್ಳುವ ಹೊಣೆ ನಿಮ್ಮದೇ ಎಂದರು. ವಾರಕ್ಕೊಂದು ಸಿನಿಮಾ ಇದೆ, ಯಾವ ರಾತ್ರಿ ನೋಡುತ್ತೀರೋ ನೀವೇ ಹೇಳಿ ಎಂದೂ ಕೇಳಿದರು.

ಎರಡನೇ ಮಹಡಿಯ 44 ಮಂದಿಗೂ ಅಷ್ಟೇ ಸೌಜನ್ಯದಿಂದ ಮಾತಾಡಿದರು. ಆದರೆ ಮಾತಿನ ತಿರುಳು ಬೇರೆ: ನಿಮ್ಮನ್ನು ಸುಖವಾಗಿಡುವ ಹೊಣೆ ನಮ್ಮದು. ಅವರಿಗೂ ಒಂದೊಂದು ಗಿಡ ಸಿಕ್ಕಿತು. ನರ್ಸುಗಳೇ ಅದಕ್ಕೆ ನೀರು ಹಾಕುತ್ತಾರೆ, ನೀವೇನೂ ಚಿಂತೆ ಮಾಡಬೇಡಿ ಎಂದರು.

ಎರಡೂ ಮಹಡಿಗಳಲ್ಲಿ ಗಿಡವಿತ್ತು, ಹಸಿರಿತ್ತು, ಕಾಳಜಿಯಿತ್ತು. ಮೂರು ವಾರದ ಬಳಿಕ ನೋಡಿದರೆ ನಾಲ್ಕನೇ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಜನರೊಂದಿಗೆ ಹೆಚ್ಚು ಬೆರೆಯುತ್ತಿದ್ದರು. ಹದಿನೆಂಟು ತಿಂಗಳ ಬಳಿಕ ಸಂಶೋಧಕಿಯರು ಮತ್ತೆ ಬಂದರು. ಅಷ್ಟರಲ್ಲಿ ನಾಲ್ಕನೇ ಮಹಡಿಯ 47ರಲ್ಲಿ 7 ಮಂದಿ ತೀರಿಕೊಂಡಿದ್ದರು, ಎರಡನೇ ಮಹಡಿಯ 44ರಲ್ಲಿ 13 ಮಂದಿ.

ಈ ಅಂಕಿಯನ್ನು ಹಿಗ್ಗಿಸಿ ಹೇಳುವವರು ಬಹಳ. ಎಚ್ಚರ ಬೇಕು. ಸಾವಿನ ಲೆಕ್ಕದಲ್ಲಿ ತಪ್ಪಾಗಿದೆ, ವ್ಯತ್ಯಾಸ ಮೊದಲು ಹೇಳಿದಷ್ಟು ಗಟ್ಟಿಯಲ್ಲ ಎಂಬ ತಿದ್ದುಪಡಿ ಆಮೇಲೆ ಪ್ರಕಟವಾಯಿತು. ಗುಂಪುಗಳೂ ಚಿಕ್ಕವು. ಗಿಡದ ಜೊತೆಗೆ ಸಿನಿಮಾದ ಆಯ್ಕೆ, ಕೋಣೆಯ ಆಯ್ಕೆಗಳೂ ಇದ್ದುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ಆದರೂ ಆ ಪ್ರಯೋಗ ಕೇಳಿದ ಪ್ರಶ್ನೆ ಹಳತಾಗಿಲ್ಲ. ಗಿಡ ಪಕ್ಕದಲ್ಲಿರುವುದು ಮತ್ತು ಗಿಡ ನನ್ನನ್ನು ನಂಬಿಕೊಂಡಿರುವುದು, ಇವೆರಡೂ ಒಂದೇ ಏನು?

ಹದಿನೈದು ವರ್ಷದ ಬಳಿಕ, 1991ರಲ್ಲಿ, ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಚೇಸ್ ಮೆಮೋರಿಯಲ್ ಆರೈಕೆ ಮನೆಗೆ ಬಿಲ್ ಥಾಮಸ್ ಎಂಬ ಯುವ ವೈದ್ಯರು ಬಂದರು. ಅಲ್ಲಿದ್ದ ಸುಮಾರು 80 ವೃದ್ಧರನ್ನು ನೋಡಿ, ಇವರನ್ನು ಕಾಡುತ್ತಿರುವುದು ಬೇಸರ, ಒಂಟಿತನ ಮತ್ತು ಅಸಹಾಯಕತೆ ಎಂದು ಅವರು ಗುರುತಿಸಿದರು. ಮದ್ದಾಗಿ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಪುಟ್ಟ ಗಿಳಿಗಳನ್ನು ತಂದರು. ಕೋಣೆಕೋಣೆಗೆ ಗಿಡ ಇಟ್ಟರು, ಹೊರಗೆ ತರಕಾರಿ ಮತ್ತು ಹೂವಿನ ತೋಟ ಮಾಡಿದರು. ನೂರು ಗಿಳಿಗಳೂ ಪಂಜರಗಳಿಗಿಂತ ಮೊದಲೇ ಬಂದಿಳಿದವಂತೆ. ತಂದವರು ಅವನ್ನು ಆ ಮನೆಯ ಕ್ಷೌರದ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿಕೊಂಡು ಹೋದರಂತೆ. ವೃದ್ಧರು ಕಿಟಕಿಗಾಜಿಗೆ ಮುಖವೊತ್ತಿ ನೋಡಿ ನಕ್ಕರಂತೆ.

ಅತುಲ್ ಗವಾಂಡೆ 2014ರ ತಮ್ಮ 'ಬೀಯಿಂಗ್ ಮಾರ್ಟಲ್' ಪುಸ್ತಕದಲ್ಲಿ ಈ ಕತೆ ಹೇಳಿದ್ದಾರೆ. ಮಾತು ನಿಲ್ಲಿಸಿದ್ದವರು ಮಾತಾಡಿದರು, ನಡೆಯಲು ಒಲ್ಲೆನೆಂದವರು ನಾಯಿಯನ್ನು ಸುತ್ತಾಡಿಸಲು ಎದ್ದರು. ಅಲ್ಲಿ ಬರೆಯುತ್ತಿದ್ದ ಔಷಧಿಗಳ ಪ್ರಮಾಣ ಹೋಲಿಕೆಗೆ ಆಯ್ದ ಇನ್ನೊಂದು ಮನೆಯ ಅರ್ಧಕ್ಕೆ ಇಳಿಯಿತು. ಥಾಮಸ್ ಇದಕ್ಕೆ 'ಈಡನ್ ಆಲ್ಟರ್ನೇಟಿವ್' ಎಂದು ಹೆಸರಿಟ್ಟರು. ನೈಟಿಂಗೇಲ್ ನೂರಮೂವತ್ತು ವರ್ಷ ಹಿಂದೆ ಹೇಳಿದ್ದನ್ನೇ, ಅಂದರೆ ಹಕ್ಕಿಯ ಗೂಡನ್ನು ರೋಗಿಯೇ ತೊಳೆಯಲಿ ಎಂಬುದನ್ನು, ಅವರು ಇಡೀ ಕಟ್ಟಡದ ಮಟ್ಟದಲ್ಲಿ ಮಾಡಿ ನೋಡಿದ್ದರು.

ನೋಡುವ ಯಂತ್ರ, ನೋಡಿಕೊಳ್ಳುವ ಯಂತ್ರ

ಇದೇ ದಶಕಗಳಲ್ಲಿ ಇನ್ನೊಂದು ಜಾತಿಯ ಯಂತ್ರ ವೃದ್ಧರ ಮನೆಗಳನ್ನು ಹೊಕ್ಕಿತು. ಇವತ್ತಿನ ಸ್ಮಾರ್ಟ್ ಹೋಮ್ ಹೆಚ್ಚಾಗಿ ಈ ವಂಶದ್ದು.

1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಡಿಬ್ನರ್ 'ಲೈಫ್‌ಲೈನ್' ಸಂಸ್ಥೆಯನ್ನು ಆರಂಭಿಸಿದರು. ಬಿದ್ದರೆ, ಎದೆನೋವು ಬಂದರೆ, ಒಂಟಿಯಾಗಿರುವ ವೃದ್ಧರು ಒಂದು ಗುಂಡಿ ಒತ್ತಿದರೆ ಸಾಕು, ಸಹಾಯಕ್ಕೆ ಕರೆ ಹೋಗುತ್ತದೆ. ಇದರಿಂದ ಉಳಿದ ಜೀವಗಳು ಎಷ್ಟೋ. ಜಪಾನಿನಲ್ಲಿ 1996ರಲ್ಲಿ ಟೋಕಿಯೊದ ಇಕೆಬುಕುರೊ ಪ್ರದೇಶದಲ್ಲಿ ಮುದಿ ತಾಯಿ ಮತ್ತು ಕಾಯಿಲೆಯ ಮಗ ಮನೆಯೊಳಗೇ ಸತ್ತು, ಎಷ್ಟೋ ದಿನ ಯಾರಿಗೂ ಗೊತ್ತಾಗಲಿಲ್ಲ. ಆ ಆಘಾತದಿಂದ ಹುಟ್ಟಿದ ಯೋಚನೆಯೊಂದು 2001ರಲ್ಲಿ ಜೋಜಿರುಶಿ ಕಂಪನಿಯ 'ಐ-ಪಾಟ್' ಆಗಿ ಮಾರುಕಟ್ಟೆಗೆ ಬಂತು. ಅದು ಚಹಾಕ್ಕೆ ಬಿಸಿನೀರು ಇಡುವ ವಿದ್ಯುತ್ ಪಾತ್ರೆ. ಅಮ್ಮ ಇವತ್ತು ಎಷ್ಟು ಸಲ ನೀರು ಬಗ್ಗಿಸಿಕೊಂಡಳು ಎಂಬ ಸುದ್ದಿ ದೂರದಲ್ಲಿರುವ ಮಕ್ಕಳ ಮೊಬೈಲಿಗೆ ತಲುಪುತ್ತಿತ್ತು. ಕ್ಯಾಮೆರಾ ಇಲ್ಲ, ಪ್ರಶ್ನೆ ಇಲ್ಲ. ಅಮ್ಮ ಚಹಾ ಕುಡಿದಿದ್ದಾಳೆ, ಅಂದರೆ ಬದುಕಿದ್ದಾಳೆ.

ಅದೇ 2001ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಎಲಿಜಬೆತ್ ಮೈನಾಟ್ ಮತ್ತು ಸಂಗಡಿಗರು 'ಡಿಜಿಟಲ್ ಫ್ಯಾಮಿಲಿ ಪೋರ್ಟ್ರೇಟ್' ಎಂಬುದನ್ನು ಮುಂದಿಟ್ಟರು. ಮಗನ ಮನೆಯ ಗೋಡೆಯಲ್ಲಿ ಅಮ್ಮನ ಫೋಟೊ. ಫೋಟೊದ ಚೌಕಟ್ಟಿನ ಸುತ್ತ ಚಿಟ್ಟೆಗಳು, ಒಂದು ದಿನಕ್ಕೆ ಒಂದು. ಅಮ್ಮನ ಮನೆಯ ಸೆನ್ಸರ್‌ಗಳು ಅವಳ ಓಡಾಟವನ್ನು ಅಳೆದು ಕಳಿಸುತ್ತವೆ. ಹೆಚ್ಚು ಓಡಾಡಿದ ದಿನ ದೊಡ್ಡ ಚಿಟ್ಟೆ, ಕಡಿಮೆಯಾದ ದಿನ ಸಣ್ಣ ಚಿಟ್ಟೆ.

ಬಹಳ ಮೃದುವಾದ, ಮರ್ಯಾದೆಯ ವಿನ್ಯಾಸ ಇದು. ಆದರೆ ಚಿಟ್ಟೆಗಳು ಹಾರುವುದು ಮಗನ ಗೋಡೆಯಲ್ಲಿ. ಅಮ್ಮನ ಮನೆಯಲ್ಲಿರುವುದು ಸೆನ್ಸರ್. ಈ ವಂಶದ ಯಂತ್ರಗಳೆಲ್ಲ ವೃದ್ಧರನ್ನು ನೋಡಿಕೊಳ್ಳುವವರ ಆತಂಕಕ್ಕೆ ಮದ್ದು. ಬಾಗಿಲು ತೆರೆಯಿತೇ, ಫ್ರಿಜ್ ತೆರೆಯಿತೇ, ರಾತ್ರಿ ಎಷ್ಟು ಸಲ ಎದ್ದರು, ಎಲ್ಲವೂ ಆ್ಯಪ್‌ಗೆ ಹೋಗುತ್ತದೆ. ಆ ಆತಂಕ ಸುಳ್ಳಲ್ಲ. ಬೆಂಗಳೂರಿನಲ್ಲಿ ಅಪ್ಪ, ದೆಹಲಿಯಲ್ಲಿ ಮಗಳು ಇರುವ ಮನೆಗಳಿಗೆ ಅದು ಚೆನ್ನಾಗಿ ಗೊತ್ತು. ಆದರೆ ಇಲ್ಲಿ ವೃದ್ಧರು ನೋಡುವವರಾಗಿ ಉಳಿಯದೆ ನೋಡಿಸಿಕೊಳ್ಳುವವರಾಗುತ್ತಾರೆ. ಎರಡನೇ ಮಹಡಿಯ ಮಾತು ಮತ್ತೆ ಕೇಳಿಸುತ್ತದೆ: ನಿಮ್ಮ ಹೊಣೆ ನಮ್ಮದು, ನೀವೇನೂ ಚಿಂತೆ ಮಾಡಬೇಡಿ.

ಪರದೆಯ ಮರ, ಬಟ್ಟೆಯ ಸೀಲ್

ಇತ್ತ ಪ್ರಕೃತಿಯನ್ನು ಒಳತರುವ ವಂಶವೂ ಬೆಳೆಯಿತು. ಜಪಾನಿನ ತಕಾನೊರಿ ಶಿಬಾಟ 1993ರಿಂದ ರೂಪಿಸಿದ 'ಪಾರೊ' 2005ರಲ್ಲಿ ಮಾರಾಟಕ್ಕೆ ಬಂತು. ಅದು ಬಿಳಿ ತುಪ್ಪಳದ ಸೀಲ್ ಮರಿಯ ರೂಪದ ರೋಬಾಟ್. ಸವರಿದರೆ ಕಣ್ಣು ಮಿಟುಕಿಸುತ್ತದೆ, ಮುಲುಗುತ್ತದೆ, ದನಿಯತ್ತ ತಿರುಗುತ್ತದೆ. ಮರೆವಿನ ಕಾಯಿಲೆಯ ವೃದ್ಧರನ್ನು ಅದು ಶಾಂತಗೊಳಿಸುತ್ತದೆ ಎಂದು ಹಲವು ದೇಶಗಳ ಆರೈಕೆ ಮನೆಗಳಲ್ಲಿ ಬಳಸುತ್ತಾರೆ.

ನಾಯಿ ಬೆಕ್ಕು ಬಿಟ್ಟು ಸೀಲ್ ಯಾಕೆ? ಶಿಬಾಟ ಮೊದಲು ಬೆಕ್ಕಿನ ರೂಪವನ್ನೂ ಮಾಡಿ ನೋಡಿದ್ದರು. ಬೆಕ್ಕನ್ನು ಬಲ್ಲವರು ಕೂಡಲೇ ಹೋಲಿಸಿ, ಇದು ಬೆಕ್ಕಿನಂತಿಲ್ಲ ಎಂದುಬಿಡುತ್ತಿದ್ದರು. ಸೀಲ್ ಮರಿಯನ್ನು ಮುಟ್ಟಿ ನೋಡಿದವರು ಯಾರಿದ್ದಾರೆ? ಹಾಗಾಗಿ ಅದನ್ನು ಒಪ್ಪಿಕೊಂಡರು. ತಮಗೆ ಗೊತ್ತಿರುವ ಜೀವಿಯ ವಿಷಯದಲ್ಲಿ ಮುದುಕರನ್ನು ಮರುಳು ಮಾಡುವುದು ಕಷ್ಟ ಎಂದು ಪಾರೊ ಮಾಡಿದವರೇ ಕಂಡುಕೊಂಡಂತಾಯಿತು.

ಪರದೆಯ ಮೇಲಿನ ಪ್ರಕೃತಿಯನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಮತ್ತು ಸಂಗಡಿಗರು ನೇರವಾಗಿ ಪರೀಕ್ಷೆಗೆ ಒಡ್ಡಿದರು. ಅವರ ಲೇಖನ 2008ರಲ್ಲಿ ಬಂತು. 90 ಮಂದಿಗೆ ಒಂದೇ ಕೋಣೆ, ಒಂದೇ ಮೇಜು, ಸ್ವಲ್ಪ ಒತ್ತಡ ತರುವ ಕೆಲಸ. ಕೆಲವರ ಎದುರು ಮರ ಮತ್ತು ಕಾರಂಜಿ ಕಾಣುವ ಗಾಜಿನ ಕಿಟಕಿ. ಕೆಲವರ ಎದುರು ಅದೇ ಜಾಗದಲ್ಲಿ, ಅದೇ ನೋಟವನ್ನು ಕ್ಯಾಮೆರಾದಿಂದ ನೇರವಾಗಿ ತೋರಿಸುವ ದೊಡ್ಡ ಪ್ಲಾಸ್ಮಾ ಟಿವಿ. ಇನ್ನು ಕೆಲವರ ಎದುರು ಪರದೆ ಎಳೆದ ಖಾಲಿ ಗೋಡೆ. ಕೆಲಸ ಮುಗಿದ ಮೇಲೆ ಎದೆಬಡಿತ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದರು. ಗಾಜಿನ ಕಿಟಕಿಯ ಮುಂದೆ ಬೇಗ ಇಳಿಯಿತು. ಟಿವಿಗೂ ಖಾಲಿ ಗೋಡೆಗೂ ವ್ಯತ್ಯಾಸ ಕಾಣಲಿಲ್ಲ.

ಅದೇ ತಂಡದ ಮತ್ತೊಂದು ಅಧ್ಯಯನದಲ್ಲಿ, ಕಿಟಕಿಯೇ ಇಲ್ಲದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಅಂಥ ಪರದೆಯನ್ನು ಕೊಟ್ಟಾಗ ಅವರಿಗೆ ಅದು ಇಷ್ಟವಾಯಿತು. ಆದ್ದರಿಂದ ಹಾಸಿಗೆ ಹಿಡಿದವರ ಎದುರಿನ ಜಲಪಾತವನ್ನು ಆರಿಸಿಬಿಡಿ ಎಂದು ಇದರ ಅರ್ಥವಲ್ಲ. ಏನೂ ಇಲ್ಲದ ಕಡೆ ಪರದೆ ಒಂದು ಸಮಾಧಾನ. ಬಾಲ್ಕನಿಯಲ್ಲಿ ಎರಡು ಕುಂಡ ಇಡಲು ಜಾಗವಿದ್ದೂ ಪರದೆಯೇ ಸಾಕು ಎಂದುಕೊಳ್ಳುವುದು ಮಾತ್ರ ತಪ್ಪು ಲೆಕ್ಕ.

ದೂರದ ಕೈ

ಯಂತ್ರ ಎಂದರೆ ಬರೀ ತೋರಿಸುವುದು ಅಥವಾ ಕಾಯುವುದು, ಅಷ್ಟೇ ಏನು? ಇಂಟರ್ನೆಟ್ಟಿನ ಎಳೆಯ ದಿನಗಳಲ್ಲೇ ಇದಕ್ಕೆ ಬೇರೆಯೇ ಉತ್ತರ ಬಂದಿತ್ತು.

1995ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 'ಟೆಲಿಗಾರ್ಡನ್' ಎಂಬ ಪುಟ್ಟ ತೋಟ ಮಾಡಿದರು. ದುಂಡನೆಯ ತೊಟ್ಟಿಯಲ್ಲಿ ಮಣ್ಣು, ನಡುವೆ ಕೈಗಾರಿಕೆಯಲ್ಲಿ ಬಳಸುವ ಒಂದು ರೋಬಾಟ್ ಕೈ. ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಕಂಪ್ಯೂಟರ್ ಮೂಲಕ ಆ ಕೈಯನ್ನು ನಡೆಸಿ ತೋಟ ನೋಡಬಹುದಿತ್ತು, ಸದಸ್ಯರಾದವರು ನೀರು ಹಾಕಬಹುದಿತ್ತು. ಬೀಜ ನೆಡಬೇಕೆಂದರೆ ಮಾತ್ರ ಅದಕ್ಕೆ ಮೊದಲು ಸಾಕಷ್ಟು ಸಲ ಬಂದು ತೋಟದ ಆರೈಕೆ ಮಾಡಿರಬೇಕು. ಸಾವಿರಾರು ಜನ ಸೇರಿದರು. 1996ರಲ್ಲಿ ಆ ತೋಟ ಆಸ್ಟ್ರಿಯಾದ ಲಿಂಜ್ ನಗರದ ಆರ್ಸ್ ಎಲೆಕ್ಟ್ರಾನಿಕಾ ಕೇಂದ್ರಕ್ಕೆ ಹೋಗಿ, 2004ರವರೆಗೂ ನಡೆಯಿತು.

ಅದನ್ನು ವೃದ್ಧರಿಗೆಂದು ಮಾಡಿರಲಿಲ್ಲ, ಕಲೆಯೆಂದು ಮಾಡಿದ್ದರು. ಆದರೆ ಅದರ ಒಳಗುಟ್ಟು ವೃದ್ಧರ ಮನೆಗೆ ಬಹಳ ಹತ್ತಿರದ್ದು. ಅಲ್ಲಿ ಯಂತ್ರ ಮನುಷ್ಯನ ಕೆಲಸವನ್ನು ಕಿತ್ತುಕೊಳ್ಳಲಿಲ್ಲ, ತಲುಪಲಾಗದ ಕೈಗೆ ಕೆಲಸವನ್ನು ತಲುಪಿಸಿತು. ನೀರು ಹಾಕದಿದ್ದರೆ ದೂರದಲ್ಲೆಲ್ಲೋ ಒಂದು ನಿಜವಾದ ಗಿಡ ಬಾಡುತ್ತಿತ್ತು.

ನಮ್ಮ ಬಾಲ್ಕನಿಗಳು

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಅವರಲ್ಲಿ ಎಷ್ಟೋ ಮಂದಿ ಮಕ್ಕಳ ಬೆನ್ನಿಗೆ ಊರು ಬಿಟ್ಟು ಬೇರೆ ಭಾಷೆಯ ನಗರಗಳ ಫ್ಲಾಟುಗಳಲ್ಲಿ ಬಾಳುತ್ತಾರೆ. ಮಾತಾಡುವ ಸ್ಪೀಕರ್ ಅಮೆಜಾನ್ ಎಕೋ 2017ರಲ್ಲಿ ಭಾರತಕ್ಕೆ ಬಂದಾಗ ಅದಕ್ಕೆ ಇಂಗ್ಲಿಷ್ ಮಾತ್ರ ಗೊತ್ತಿತ್ತು. 2019ರಲ್ಲಿ ಹಿಂದಿ ಕಲಿಯಿತು. ಹೀಗಾಗಿ ಮುಂಬಯಿಯ ಮನೆಯೊಂದರಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಮಳೆಯ ಸದ್ದು ಕೇಳಬೇಕೆನಿಸಿದರೆ ಮೊಮ್ಮಗ ಶಾಲೆಯಿಂದ ಬರುವವರೆಗೆ ಕಾಯಬೇಕು. ಪಕ್ಕದ ಮನೆಯವರ ಭಾಷೆ ಬಾರದ ಊರಿನಲ್ಲಿ ಗೋಡೆಯ ಪೆಟ್ಟಿಗೆಗೂ ತನ್ನ ಭಾಷೆ ಬಾರದು.

ಗಿಡಕ್ಕೆ ಆ ತೊಂದರೆಯಿಲ್ಲ. ಕನ್ನಡ ಮನೆಗಳಲ್ಲಿ ಆರ್ಡನ್ ಹೌಸ್‌ನ ನಾಲ್ಕನೇ ಮಹಡಿಯ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಅದಕ್ಕೆ ಪ್ರಯೋಗವೆಂಬ ಹೆಸರಿರಲಿಲ್ಲ, ಅಷ್ಟೆ. ಬೆಳಿಗ್ಗೆ ತುಳಸಿಕಟ್ಟೆಗೆ ನೀರು ಹಾಕುವುದು, ಪೂಜೆಗೆ ಹೂವು ಕೊಯ್ಯುವುದು, ಕಾಗೆಗೆ ಅನ್ನ ಇಡುವುದು, ಹಿತ್ತಲಿನ ಕರಿಬೇವಿಗೆ ಅಕ್ಕಿ ತೊಳೆದ ನೀರು ಸುರಿಯುವುದು ಮನೆಯ ಹಿರಿಯರ ಪಾಲಿನ ಕೆಲಸಗಳು. ಮಂಡಿ ಸೋತರೂ, ಕಣ್ಣು ಮಂಜಾದರೂ ಇವು ಕೈಬಿಡುತ್ತಿರಲಿಲ್ಲ. ಮನೆಯವರು ಬಿಡಿಸುತ್ತಲೂ ಇರಲಿಲ್ಲ. ಹಿರಿಯರು ಎರಡು ದಿನ ಹಾಸಿಗೆ ಹಿಡಿದರೆ ಗಿಡ ಸೊರಗುತ್ತಿತ್ತು. ಅಷ್ಟರ ಮಟ್ಟಿಗೆ ಅವರು ಬೇಕಾದವರಾಗಿದ್ದರು.

ಮೊದಲು ಹೇಳಿದ ಪುಣೆಯ ಬಾಲ್ಕನಿಯ ಪಂಪನ್ನು ಈ ಕಣ್ಣಿನಿಂದ ನೋಡಬೇಕು. ಟೈಮರ್ ಇಟ್ಟು ತಾನೇ ನೀರು ಹಾಕುವ ಆ ಯಂತ್ರ ಎರಡನೇ ಮಹಡಿಯ ನರ್ಸಿನ ಕೆಲಸ ಮಾಡುತ್ತಿದೆ. ಗಿಡ ಹಸಿರಾಗಿದೆ, ತಾಯಿಗೆ ಕೆಲಸವಿಲ್ಲ. ಕೆಲಸದ ಹೊರೆ ಇಳಿಸಲು ತಂದದ್ದು ಹಿರಿಯರಿಗೆ ಉಳಿದಿದ್ದ ಒಂದು ಕೆಲಸವನ್ನೂ ಇಳಿಸಿಬಿಟ್ಟಿತು.

ಅದೇ ಹಣಕ್ಕೆ ಬೇರೆ ಬಗೆಯ ಸಾಧನಗಳೂ ಸಿಗುತ್ತವೆ. ಮಣ್ಣಿಗೆ ಚುಚ್ಚಿಡುವ ತೇವದ ಸೆನ್ಸರ್ ನೀರು ಹಾಕುವುದಿಲ್ಲ, ಮಣ್ಣು ಒಣಗಿದೆ ಎಂದು ಹೇಳುತ್ತದೆ. ಮರೆವು ಶುರುವಾದವರಿಗೆ, ಮಣ್ಣಿನ ಬಣ್ಣ ಗುರುತಿಸಲಾಗದವರಿಗೆ ಅದು ನೆನಪಿಸುತ್ತದೆ. ನೀರು ಹಾಕುವ ಕೈ ಅವರದೇ. ಬಗ್ಗಲಾಗದವರಿಗೆ ಸೊಂಟದೆತ್ತರದ ಸ್ಟ್ಯಾಂಡ್ ಮೇಲೆ ಕುಂಡ ಇಟ್ಟರೆ ಯಾವ ಸೆನ್ಸರಿಗಿಂತಲೂ ಹೆಚ್ಚಿನ ಉಪಕಾರ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಎಂಬ ಉಚಿತ ಆ್ಯಪ್ ಹಕ್ಕಿಯ ಕೂಗು ಕೇಳಿ ಹೆಸರು ಹೇಳುತ್ತದೆ. ಭಾರತದ ಅನೇಕ ಹಕ್ಕಿಗಳೂ ಅದಕ್ಕೆ ಗೊತ್ತು. ಕೂತಲ್ಲಿಂದಲೇ ದಿನವೂ ಬಾಲ್ಕನಿಗೆ ಬಂದುಹೋಗುವ ಹಕ್ಕಿಗಳ ಪಟ್ಟಿ ಬರೆಯಬಹುದು. ಆ ಪಟ್ಟಿ ಮೊಮ್ಮಗನಿಗೂ ಕುತೂಹಲ, ಊರಿನಲ್ಲಿ ಉಳಿದ ತಂಗಿಗೆ ಫೋನಿನಲ್ಲಿ ಹೇಳಲು ವಿಷಯ. ಆ್ಯಪ್ ಇಂಗ್ಲಿಷಿನಲ್ಲಿ ಹೇಳಿದ ಹೆಸರಿಗೆ ಮಡಿವಾಳ, ಗೀಜಗ, ಮಿಂಚುಳ್ಳಿ ಎಂಬ ಹೆಸರುಗಳನ್ನು ಜೋಡಿಸುವುದು ಅಜ್ಜಿಯ ಪಾಲಿಗೆ ಬರುತ್ತದೆ. ಆಗ ಮನೆಯಲ್ಲಿ ಯಂತ್ರಕ್ಕೆ ಗೊತ್ತಿಲ್ಲದ್ದು ಒಬ್ಬರಿಗೆ ಗೊತ್ತಿದೆ ಎಂದಾಯಿತು.

ಹಾಗಾದರೆ ಆ ಮಗನ ಪ್ರಶ್ನೆಗೆ ಉತ್ತರ? ಹಿರಿಯರ ಮನೆಗೆ ಒಂದು ಸಾಧನ ಕೊಳ್ಳುವ ಮೊದಲು ಅದು ಏನೇನು ಮಾಡುತ್ತದೆ ಎಂದು ಅಂಗಡಿಯವರು ಪಟ್ಟಿ ಕೊಡುತ್ತಾರೆ. ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದನ್ನು ಮನೆಯವರೇ ಬರೆದುಕೊಳ್ಳಬೇಕು: ಇದು ಬಂದ ಮೇಲೆ ಅಮ್ಮನಿಗೆ ಮಾಡಲು ಏನು ಉಳಿಯುತ್ತದೆ? ಬಿದ್ದಾಗ ಕರೆ ಮಾಡುವ ಗುಂಡಿ ಇರಲಿ, ಅದು ಪ್ರಾಣದ ಮಾತು. ರಾತ್ರಿ ಬಚ್ಚಲಿಗೆ ಹೋಗುವಾಗ ತಾನೇ ಹೊತ್ತಿಕೊಳ್ಳುವ ದೀಪ ಇರಲಿ. ಟೈಮರ್ ಪಂಪನ್ನು ಮಾತ್ರ ಎಲ್ಲರೂ ಊರಿಗೆ ಹೋಗುವ ವಾರಕ್ಕೆಂದು ತೆಗೆದಿಡಬಹುದು. ಉಳಿದ ದಿನಗಳಲ್ಲಿ ಬಾಲ್ಕನಿಯ ಮೂಲೆಯಲ್ಲಿ ಒಂದು ಸಣ್ಣ ತಂಬಿಗೆ ಸಾಕು. ತುಂಬಿದರೂ ಭಾರವಾಗದಷ್ಟು ಸಣ್ಣದು.